ತಲೆಗೆ ಪೆಟ್ಟು ಬಿದ್ದ ಮೇಲೆ ದೃಷ್ಟಿ 6/6 ಇದ್ದರೂ ಓದೋಕಾಗ್ತಿಲ್ಲ: ಪೆನ್ಸಿಲ್ ವ್ಯಾಯಾಮ ನಿಲ್ಲಿಸಬೇಕಾ, ಬದಲಿಸಬೇಕಾ?

ಜಯನಗರ_ಫಿಜಿಯೋ:
ಪೇಷಂಟ್‌ಗೆ 32 ವರ್ಷ, ಸಾಫ್ಟ್‌ವೇರ್ ಕೆಲಸ. ಸ್ಕೂಟರಿನಿಂದ ಬಿದ್ದು ಆರು ವಾರ ಆಗಿದೆ, ಹೆಲ್ಮೆಟ್ ಇತ್ತು. ಸಿಟಿ ಸ್ಕ್ಯಾನ್ ನಾರ್ಮಲ್, ಎರಡೂ ಕಣ್ಣು 6/6, ಕನ್ನಡಕ ಇಲ್ಲ. ಲ್ಯಾಪ್‌ಟಾಪ್ ಮುಂದೆ ಹತ್ತು ನಿಮಿಷ ಕೂತರೆ ಅಕ್ಷರ ಅಲ್ಲಾಡುತ್ತೆ, ಸಾಲು ತಪ್ಪುತ್ತೆ, ಹುಬ್ಬಿನ ಮೇಲೆ ನೋವು ಶುರು. ಸೂಪರ್ ಮಾರ್ಕೆಟ್‌ನಲ್ಲೂ ಮೆಟ್ರೋದಲ್ಲೂ ತಲೆ ತಿರುಗುತ್ತೆ. ಕನ್ವರ್ಜೆನ್ಸ್ (ಹತ್ತಿರದ್ದನ್ನು ನೋಡಲು ಎರಡೂ ಕಣ್ಣು ಒಳಗೆ ತಿರುಗೋದು) ಅಳೆಯಲು ಗುರಿಯನ್ನು ಮೂಗಿನತ್ತ ತಂದಾಗ ಮೊದಲ ಸಲ 14 ಸೆಂ.ಮೀ.ಗೆ ಎರಡಾಗಿ ಕಂಡಿತು, ಐದನೇ ಸಲಕ್ಕೆ 19. ಬೇರೆ ಕಡೆ ಪೆನ್ಸಿಲ್ ಪುಷ್-ಅಪ್ (ಪೆನ್ಸಿಲನ್ನೇ ನೋಡುತ್ತಾ ಮೂಗಿನ ಹತ್ತಿರ ತರೋದು) ಹೇಳಿಕೊಟ್ಟಿದ್ದರು, ಅದರಿಂದ ತಲೆನೋವು ಜಾಸ್ತಿಯಾಗಿ ಬಿಟ್ಟಿದ್ದಾರೆ. ಮೊದಲು ಕಣ್ಣಿನ ವ್ಯಾಯಾಮವೋ, ತಲೆಸುತ್ತಿನದೋ? ಮನೆಯಲ್ಲಿ ಬ್ರಾಕ್ ದಾರ (ಮಣಿ ಪೋಣಿಸಿದ ದಾರದ ಕಣ್ಣಿನ ವ್ಯಾಯಾಮ) ಹೇಗೆ ಮಾಡಿಸೋದು? ಮನೆಯೊಳಗೂ ಕಪ್ಪು ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಇರ್ತಾರೆ, ಬಿಡಬಹುದಾ?

ಬಸವನಗುಡಿ_ಆಪ್ಟೊಮೆಟ್ರಿ:
6/6 ಅಂದರೆ ಒಂದೊಂದೇ ಕಣ್ಣು ದೂರದ ಅಕ್ಷರವನ್ನು ಸ್ಪಷ್ಟವಾಗಿ ಓದುತ್ತೆ ಅಂತಷ್ಟೇ. ಎರಡು ಕಣ್ಣು ಸೇರಿ ಹತ್ತಿರದ್ದನ್ನು ಎಷ್ಟು ಹೊತ್ತು ಹಿಡಿದಿಡುತ್ತವೆ ಅನ್ನೋದು ಅದರಲ್ಲಿ ಬರೋದಿಲ್ಲ. ನೀವು ಐದು ಸಲ ಅಳೆದದ್ದು ಬಹಳ ಒಳ್ಳೆಯದಾಯಿತು. ದೊಡ್ಡವರಲ್ಲಿ 6 ಸೆಂ.ಮೀ.ಗಿಂತ ದೂರಕ್ಕೇ ಚಿತ್ರ ಎರಡಾಗಿ ಒಡೆದರೆ ಅನುಮಾನ ಪಡಬೇಕು. ಇಲ್ಲಿ 14ರಿಂದ 19ಕ್ಕೆ ಜಾರಿದೆ, ಅಂದರೆ ಕೊರತೆಯ ಜೊತೆಗೆ ಬೇಗ ಸುಸ್ತಾಗುವುದೂ ಇದೆ.

ಆದರೆ ಈ ಒಂದೇ ಅಳತೆ ಹಿಡಿದು ವ್ಯಾಯಾಮ ಶುರು ಮಾಡಬೇಡಿ. ಒಂದೊಂದೇ ಕಣ್ಣಿನ ಫೋಕಸ್ ಶಕ್ತಿ ನೋಡಿಸಿ. ಈ ವಯಸ್ಸಿಗೆ ಕನಿಷ್ಠ ಎಷ್ಟಿರಬೇಕು ಅನ್ನೋ ಲೆಕ್ಕ ಸುಲಭ: 15ರಿಂದ ವಯಸ್ಸಿನ ಕಾಲು ಭಾಗ ಕಳೆಯಿರಿ. 32ಕ್ಕೆ 7 ಡಯಾಪ್ಟರ್ (ಫೋಕಸ್ ಶಕ್ತಿಯ ಅಳತೆ), ಅಂದರೆ ಸಣ್ಣ ಅಕ್ಷರ ಸುಮಾರು 14 ಸೆಂ.ಮೀ.ವರೆಗೆ ಸ್ಪಷ್ಟ ಇರಬೇಕು. 20 ಸೆಂ.ಮೀ.ಗೇ ಮಸುಕಾದರೆ ಇರುವುದು 5 ಡಯಾಪ್ಟರ್ ಮಾತ್ರ. ಆಗ ಪೆನ್ಸಿಲನ್ನು ಮೂಗಿನ ಹತ್ತಿರ ತಂದಷ್ಟೂ ಸೋತ ಫೋಕಸ್ಸನ್ನೇ ಹಿಂಡಿದ ಹಾಗಾಗುತ್ತೆ, ತಲೆನೋವು ಹೆಚ್ಚಾಗಿರೋದಕ್ಕೆ ಇದೂ ಕಾರಣ ಇರಬಹುದು. ಓದಲು ಪ್ಲಸ್ ಗ್ಲಾಸ್ ಕೊಟ್ಟರೆ ಫೋಕಸ್‌ಗೆ ಆರಾಮ, ಆದರೆ ಫೋಕಸ್ ಸಡಿಲವಾದಂತೆ ಅದರ ಜೊತೆಗೇ ಬರುವ ಕನ್ವರ್ಜೆನ್ಸ್ ಕೂಡ ಕಡಿಮೆಯಾಗುತ್ತೆ. ಹಾಗಾಗಿ ಎರಡೂ ಕೊರತೆ ಇರುವವರಿಗೆ ಬರೀ ಪ್ಲಸ್ ಕೊಟ್ಟರೆ ಅಕ್ಷರ ಎರಡಾಗೋದು ಹೆಚ್ಚಬಹುದು. ಜೊತೆಗೆ ಸ್ವಲ್ಪ ಬೇಸ್-ಇನ್ ಪ್ರಿಸಂ (ಕಣ್ಣು ಅಷ್ಟು ಒಳಗೆ ತಿರುಗಬೇಕಾಗದಂತೆ ಬೆಳಕನ್ನು ಬಾಗಿಸುವ ಗಾಜು) ಬೇಕೇ ಅಂತ ಹಾಕಿ ನೋಡಿಯೇ ತೀರ್ಮಾನಿಸಬೇಕು. ಮೊದಲು ಗಮನಕ್ಕೇ ಬಾರದಿದ್ದ 0.50 ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇರದಾಗ ಬೇಕಾಗುವ ಪವರ್) ಕೂಡ ಪೆಟ್ಟಿನ ನಂತರ ಕಾಡಬಹುದು, ಅದನ್ನು ತಳ್ಳಿಹಾಕಬೇಡಿ.

ಪೆನ್ಸಿಲ್‌ನ ದೊಡ್ಡ ದೋಷ ಬೇರೆ. ಒಂದು ಕಣ್ಣಿನ ಚಿತ್ರವನ್ನು ಮಿದುಳು ಅದುಮಿಟ್ಟರೂ ಪೇಷಂಟ್‌ಗೆ ಪೆನ್ಸಿಲ್ ಒಂದೇ ಕಾಣುತ್ತೆ, ಸರಿಯಾಗಿ ಮಾಡ್ತಿದ್ದೀನಿ ಅಂದುಕೊಳ್ತಾರೆ. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ, ಕನ್ವರ್ಜೆನ್ಸ್ ಕೊರತೆಯಿದ್ದ 9ರಿಂದ 17 ವರ್ಷದ 221 ಮಕ್ಕಳಲ್ಲಿ, 12 ವಾರದ ಕೊನೆಗೆ ಕ್ಲಿನಿಕ್ ತರಬೇತಿ ಗುಂಪಿನ 73% ಸುಧಾರಿಸಿದರು, ಮನೆಯ ಪೆನ್ಸಿಲ್ ಗುಂಪಿನ 43%, ಹೆಸರಿಗಷ್ಟೇ ಚಿಕಿತ್ಸೆ ಪಡೆದ ಗುಂಪಿನ 35%. ಆ ಮಕ್ಕಳು ತಲೆಪೆಟ್ಟಿನವರಲ್ಲ, ಆ ಅಂಕಿಗಳನ್ನು ನಿಮ್ಮ ಪೇಷಂಟ್‌ಗೆ ಹಾಗೇ ಅನ್ವಯಿಸಬೇಡಿ. ಆದರೂ ಪೆನ್ಸಿಲ್ ಒಂದನ್ನೇ ನಂಬಿ ಕೂರಬಾರದು ಅನ್ನೋದಕ್ಕೆ ಅಷ್ಟು ಸಾಕು.

ಬ್ರಾಕ್ ದಾರದಲ್ಲಿ ಆ ಮೋಸ ನಡೆಯೋದಿಲ್ಲ. 3 ಮೀಟರ್ ದಪ್ಪ ಬಿಳಿ ದಾರ, ಕೆಂಪು, ಹಳದಿ, ಹಸಿರು ಮರದ ಮಣಿ ಒಂದೊಂದು. ತೂತು ದಾರಕ್ಕೆ ಬಿಗಿಯಾಗಿರಬೇಕು, ಜಾರುವ ಮಣಿ ಬೇಡ. ಒಂದು ತುದಿಯನ್ನು ಕಿಟಕಿಯ ಸರಳಿಗೆ, ಕೂತಾಗ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಕಟ್ಟಿ. ಇನ್ನೊಂದು ತುದಿಯನ್ನು ಬೆರಳಿಗೆ ಸುತ್ತಿ ಮೂಗಿನ ತುದಿಗೆ ಹಿಡಿಯಲಿ. ಮಣಿಗಳು 40 ಸೆಂ.ಮೀ., 1 ಮೀಟರ್, 2.5 ಮೀಟರ್‌ನಲ್ಲಿ. ನಡುವಿನ ಮಣಿ ನೋಡಿದಾಗ ದಾರ ಎರಡಾಗಿ, ಸರಿಯಾಗಿ ಆ ಮಣಿಯಲ್ಲೇ ಕತ್ತರಿಯಂತೆ ದಾಟಬೇಕು, ಉಳಿದ ಎರಡು ಮಣಿ ಜೋಡಿಯಾಗಿ ಕಾಣಬೇಕು. ಮಣಿಗಿಂತ ಆಚೆ ದಾಟಿದರೆ ಕಣ್ಣು ಸಾಕಷ್ಟು ಒಳಗೆ ತಿರುಗಿಲ್ಲ, ಈಚೆ ದಾಟಿದರೆ ಹೆಚ್ಚು ತಿರುಗಿದೆ. ಒಂದೇ ದಾರ ಕಂಡರೆ ಒಂದು ಕಣ್ಣು ಕೆಲಸ ನಿಲ್ಲಿಸಿದೆ: ರೆಪ್ಪೆ ಬಡಿಸಿ, ದಾರ ಮೆಲ್ಲಗೆ ಅಲ್ಲಾಡಿಸಿ, ಎರಡನೆಯದು ಮರಳುವವರೆಗೆ ಕಾಯಿರಿ. ಒಂದು ದಾರ ಮೇಲೆ, ಒಂದು ಕೆಳಗೆ ಕಂಡರೆ ಅಲ್ಲಿಗೇ ನಿಲ್ಲಿಸಿ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ.

ಒಂದೊಂದು ಮಣಿ ಮೇಲೆ 5 ಸೆಕೆಂಡ್, ದೂರ-ನಡು-ಹತ್ತಿರ ಸೇರಿ ಒಂದು ಸುತ್ತು. ಶುರುವಿಗೆ 5 ಸುತ್ತು, ದಿನಕ್ಕೆ ಎರಡು ಸಲ. ಕತ್ತರಿ ಗಟ್ಟಿಯಾಗಿ ನಿಂತರೆ ಹತ್ತಿರದ ಮಣಿಯನ್ನು 2–3 ಸೆಂ.ಮೀ. ಒಳಗೆ ತನ್ನಿ. ತಲೆನೋವು, ತಲೆಸುತ್ತಿಗೆ 0–10 ಅಂಕ ಹಾಕಿಸಿ. ವ್ಯಾಯಾಮದಿಂದ 2ಕ್ಕಿಂತ ಹೆಚ್ಚು ಏರಿದರೆ, ಅಥವಾ ಅರ್ಧ ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ, ಮರುದಿನ ಅರ್ಧಕ್ಕಿಳಿಸಿ. ಪೂರ್ತಿ ಬಿಡಿಸಬೇಡಿ.

ವೆಸ್ಟಿಬ್ಯುಲರ್_ಮಲ್ಲೇಶ್ವರಂ:
ಯಾವುದು ಮೊದಲು ಅನ್ನೋದಕ್ಕೆ ನನ್ನ ಉತ್ತರ: ತಲೆ ತಿರುಗಿಸಿ ಬೇಗ ಮಲಗಿಸಿ ತಲೆಸುತ್ತು ನೋಡುವ ಪರೀಕ್ಷೆ, ಅಂದರೆ ಡಿಕ್ಸ್-ಹಾಲ್‌ಪೈಕ್ ಮೊದಲು. ಪೆಟ್ಟಿನ ನಂತರ ಕಿವಿಯೊಳಗಿನ ಹರಳು ಜಾಗ ಬಿಟ್ಟಿರೋದು ಸಾಮಾನ್ಯ, ಅದಕ್ಕೆ ಎಪ್ಲಿ (ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ಜಾಗಕ್ಕೆ ಮರಳಿಸೋದು) ಮಾಡಬೇಕೇ ಹೊರತು ಕಣ್ಣಿನ ವ್ಯಾಯಾಮದಿಂದ ಏನೂ ಆಗೋಲ್ಲ. ಕುತ್ತಿಗೆಯನ್ನು ಅದಕ್ಕೂ ಮುಂಚೆ ಪರೀಕ್ಷಿಸಿರಬೇಕು, ಅಲ್ಲಿ ಅನುಮಾನವಿದ್ದರೆ ತಲೆ ತಿರುಗಿಸುವ ಯಾವ ಪರೀಕ್ಷೆಯೂ ಬೇಡ.

ಆಮೇಲೆ ವೋಮ್ಸ್, ಅಂದರೆ ಕಣ್ಣು, ತಲೆ ಚಲಿಸಿದಾಗ ತೊಂದರೆ ಎಷ್ಟು ಏರುತ್ತೆ ಅಂತ ಅಂಕ ಹಾಕುವ ಪರೀಕ್ಷೆ. ವಿಒಆರ್ (ತಲೆ ಅಲ್ಲಾಡಿದರೂ ನೋಟವನ್ನು ನಿಲ್ಲಿಸುವ ಪ್ರತಿಕ್ರಿಯೆ) ಭಾಗದಲ್ಲಿ ಮೆಟ್ರೊನೋಮ್ (ತಾಳ ಹಾಕುವ ಸಾಧನ) ನಿಮಿಷಕ್ಕೆ 180ಕ್ಕೆ ಇಟ್ಟು, ತಲೆ ಎರಡೂ ಕಡೆ 20 ಡಿಗ್ರಿ, 10 ಸಲ. ಚಲನೆಯ ಸೂಕ್ಷ್ಮತೆಗೆ ಕೈ ಚಾಚಿ ಹೆಬ್ಬೆರಳನ್ನೇ ನೋಡುತ್ತಾ ತಲೆ, ಮೈ ಒಟ್ಟಿಗೆ 80 ಡಿಗ್ರಿ, ಮೆಟ್ರೊನೋಮ್ 50ಕ್ಕೆ, 5 ಸಲ. ಯಾವುದರಲ್ಲಿ ಅಂಕ ಏರುತ್ತೋ ಅದನ್ನೇ ತರಬೇತಿಗೆ ಹಿಡಿಯಿರಿ. ದಾರ ಮತ್ತು ವಿಒಆರ್ ಎರಡನ್ನೂ ಒಂದೇ ವಾರದಲ್ಲಿ ಶುರು ಮಾಡಬಹುದು, ಒಂದೇ ಹೊತ್ತಿನಲ್ಲಿ ಬೇಡ: ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಇಲ್ಲದಿದ್ದರೆ ತಲೆನೋವು ಯಾವುದರಿಂದ ಬಂತು ಅಂತ ಗೊತ್ತಾಗೋಲ್ಲ.

ನಮ್ಮ ಮೆಟ್ರೋದಲ್ಲಿ ಸೀಟು ಗೋಡೆಯುದ್ದಕ್ಕೆ ಇರೋದರಿಂದ ಕೂತವರ ಕಣ್ಣೆದುರು ಹೊರಗಿನದೆಲ್ಲ ಅಡ್ಡಡ್ಡ ಓಡುತ್ತೆ. ಅದೇ ಇವರಿಗೆ ಕಷ್ಟ. ಕಂಬ ಹಿಡಿದು ರೈಲು ಹೋಗುವ ದಿಕ್ಕಿಗೆ ನಿಂತು, ಬೋಗಿಯೊಳಗಿನ ಯಾವುದಾದರೂ ಅಲುಗಾಡದ ಗುರುತು ನೋಡಲಿ, ಮೊಬೈಲ್ ಬೇಡ. ಮೊದಲು ಜನ ಕಡಿಮೆ ಇರುವ ಹೊತ್ತಿನಲ್ಲಿ ಒಂದೆರಡು ಸ್ಟೇಷನ್. ಅಂಗಡಿಗೂ ಹಾಗೇ: ಬೀದಿಯ ಕಿರಾಣಿ, ಆಮೇಲೆ ವಾರದ ನಡುವೆ ಬೆಳಿಗ್ಗೆ ಸೂಪರ್ ಮಾರ್ಕೆಟ್. ಕೆ.ಆರ್. ಮಾರ್ಕೆಟ್ ಕೊನೆಗೆ.

ಕಪ್ಪು ಕನ್ನಡಕವನ್ನು ಮನೆಯೊಳಗೆ ಬಿಡಿಸಲೇಬೇಕು. ಕಣ್ಣು ಕತ್ತಲೆಗೆ ಒಗ್ಗಿಕೊಂಡು ಬೆಳಕಿನ ಬಾಧೆ ಇನ್ನೂ ಹೆಚ್ಚುತ್ತೆ. ಒಂದೇ ದಿನ ಕಿತ್ತುಕೊಳ್ಳಬೇಡಿ, ದಿನಾ ಸ್ವಲ್ಪ ಹೊತ್ತು ಕಡಿಮೆ ಮಾಡಿಸಿ. ಅಲ್ಲಿಯವರೆಗೆ ತಿಳಿ ಗುಲಾಬಿ ಬಣ್ಣದ ಎಫ್‌ಎಲ್-41 ಲೆನ್ಸ್, ಅಥವಾ ಬರೀ ಅಂಚಿನ ಟೋಪಿ. ಮನೆಯಲ್ಲಿ ಹಳೇ ಚೋಕ್ ಟ್ಯೂಬ್‌ಲೈಟ್ ಇದ್ದರೆ ಬದಲಿಸಲಿ, ಅದು ಸೆಕೆಂಡಿಗೆ 100 ಸಲ ಮಿನುಗುತ್ತೆ.

ನೇತ್ರ_ಚಾಮರಾಜಪೇಟೆ:
ಇಬ್ಬರೂ ಹೇಳಿದ್ದು ಸರಿ. ಆದರೆ ವ್ಯಾಯಾಮಕ್ಕೆ ಮೊದಲು ಒಂದು ಪರೀಕ್ಷೆ ಬಿಟ್ಟುಹೋಗಬಾರದು. ಎರಡಾಗಿ ಕಾಣುವಾಗ ಒಂದು ಕಣ್ಣು ಮುಚ್ಚಿಸಿ. ಆಗಲೂ ಎರಡಾಗಿಯೇ ಇದ್ದರೆ ತೊಂದರೆ ಆ ಕಣ್ಣಿನಲ್ಲೇ: ಪವರ್, ಕಾರ್ನಿಯಾ, ಲೆನ್ಸ್, ಕೆಲವೊಮ್ಮೆ ರೆಟಿನಾ. ಮುಚ್ಚಿದ ತಕ್ಷಣ ಒಂದಾದರೆ ಜೋಡಣೆಯ ತೊಂದರೆ. ಚಿತ್ರಗಳು ಮೇಲೆ-ಕೆಳಗಾಗಿ ಕಂಡು, ಮೆಟ್ಟಿಲು ಇಳಿಯುವಾಗ ಹೆಚ್ಚಾಗಿ, ತಲೆ ಒಂದು ಪಕ್ಕಕ್ಕೆ ವಾಲಿದ್ದರೆ ನಾಲ್ಕನೇ ನರ ನೋಡಿ. ಮಿದುಳಕಾಂಡದ ಹಿಂಬದಿಯಿಂದ ಹೊರಟು ಉದ್ದಕ್ಕೆ ಸುತ್ತಿ ಬರುವ ತೆಳು ನರ ಅದು, ಸಣ್ಣ ಪೆಟ್ಟಿಗೂ ಸೋಲುತ್ತೆ. ಅದಕ್ಕೆ ದಾರ, ಪೆನ್ಸಿಲ್ ಯಾವುದೂ ಉಪಯೋಗವಿಲ್ಲ, ಅಂಟಿಸುವ ಫ್ರೆನೆಲ್ ಪ್ರಿಸಂ ಹಾಕಿ ಚೇತರಿಕೆ ಕಾಯಬೇಕು.

ಪಾಪೆ ಒಂದು ದೊಡ್ಡದು ಒಂದು ಸಣ್ಣದು, ರೆಪ್ಪೆ ಇಳಿದಿರೋದು, ಹೆಚ್ಚುತ್ತಲೇ ಹೋಗುವ ತಲೆನೋವು, ವಾಂತಿ, ಮಂಪರು: ಇದರಲ್ಲಿ ಒಂದಿದ್ದರೂ ನೇರ ನಿಮ್ಹಾನ್ಸ್ ತುರ್ತು ವಿಭಾಗ ಅಥವಾ ಹತ್ತಿರದ ನ್ಯೂರೋ ಸೌಲಭ್ಯವಿರುವ ಆಸ್ಪತ್ರೆ. ಮಿಂಚು, ಹೊಸದಾಗಿ ತೇಲುವ ಚುಕ್ಕೆ, ಪರದೆ ಇಳಿದಂತೆ ಕಂಡರೆ ಅದೇ ದಿನ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಿ. ಮಿಂಟೋ ಕಣ್ಣಾಸ್ಪತ್ರೆಯಲ್ಲೂ ಆಗುತ್ತೆ. ಎರಡಾಗಿ ಕಾಣುವವರೆಗೆ ಗಾಡಿ ಓಡಿಸಬಾರದು, ಇದನ್ನು ಮನೆಯವರ ಮುಂದೆಯೇ ಹೇಳಿ.

ಜಯನಗರ_ಫಿಜಿಯೋ:
ಮೂವರಿಗೂ ಧನ್ಯವಾದ. ಒಂದು ಕಣ್ಣು ಮುಚ್ಚಿದರೆ ಒಂದೇ ಕಾಣುತ್ತೆ, ಎರಡಾದಾಗ ಅಕ್ಕಪಕ್ಕವೇ, ಮೇಲೆ-ಕೆಳಗಿಲ್ಲ. ಕುತ್ತಿಗೆ ಸರಿಯಿದೆ, ಹಾಲ್‌ಪೈಕ್ ನೆಗೆಟಿವ್. ಫೋಕಸ್ ಅಳತೆಗೆ ಕಳಿಸ್ತಿದ್ದೀನಿ. ಆಫೀಸಿನವರು ಕೆಲಸಕ್ಕೆ ಬರೋಕೆ ಹೇಳ್ತಿದ್ದಾರೆ, ಸ್ಕ್ರೀನ್ ಎಷ್ಟು ಹೊತ್ತು ಅಂತ ಬರೆದುಕೊಡಲಿ?

ಬಸವನಗುಡಿ_ಆಪ್ಟೊಮೆಟ್ರಿ:
ಹತ್ತು ನಿಮಿಷಕ್ಕೆ ತೊಂದರೆ ಶುರುವಾದರೆ ಏಳಕ್ಕೇ ನಿಲ್ಲಿಸಬೇಕು, ಎರಡು-ಮೂರು ನಿಮಿಷ ಕಿಟಕಿಯಾಚೆ ದೂರ ನೋಡಬೇಕು, ಮತ್ತೆ ಏಳು. ನೋವು ಬರುವವರೆಗೆ ಎಳೆದರೆ ಆ ದಿನದ ಉಳಿದ ಹೊತ್ತೂ ಹಾಳು. ಎರಡು-ಮೂರು ದಿನ ತೊಂದರೆಯಿಲ್ಲದೆ ಕಳೆದರೆ ಎರಡು ನಿಮಿಷ ಸೇರಿಸಿ. ಪತ್ರದಲ್ಲಿ ‘ಲಘು ಕೆಲಸ’ ಅಂತ ಬರೆದರೆ ಮ್ಯಾನೇಜರ್‌ಗೆ ಏನೂ ಅರ್ಥವಾಗೋಲ್ಲ. ಅರ್ಧ ದಿನ, ಇಷ್ಟು ನಿಮಿಷ ಸ್ಕ್ರೀನ್, ಇಷ್ಟು ಬಿಡುವು, ವಿಡಿಯೋ ಮೀಟಿಂಗ್‌ಗೆ ಆಡಿಯೋ ಸಾಕು ಅಂತ ಬಿಡಿಸಿ ಬರೆಯಿರಿ. ಮಾನಿಟರ್ 60 ಸೆಂ.ಮೀ. ದೂರ, ಕಣ್ಣಿಗಿಂತ ತುಸು ಕೆಳಗೆ, ಅಕ್ಷರ ದೊಡ್ಡದು. ಸ್ಕ್ರೋಲ್ ಮಾಡುವ ಬದಲು ಪೇಜ್ ಡೌನ್ ಒತ್ತಲಿ, ಓಡುವ ಸಾಲು ಇವರನ್ನು ತುಂಬಾ ಕೆಣಕುತ್ತೆ. ಬ್ಲೂ-ಕಟ್ ಲೆನ್ಸಿಗೆ ದುಡ್ಡು ಹಾಕಿಸಬೇಡಿ, ಜೋಡಣೆ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ.

ಈಗಲೇ ಸಿಐಎಸ್‌ಎಸ್ (ಕನ್ವರ್ಜೆನ್ಸ್ ಕೊರತೆಯ ಲಕ್ಷಣಗಳ) ಪ್ರಶ್ನಾವಳಿ ತುಂಬಿಸಿಡಿ: 15 ಪ್ರಶ್ನೆ, ಒಟ್ಟು 60, ದೊಡ್ಡವರಲ್ಲಿ 21 ಅಥವಾ ಹೆಚ್ಚು ಬಂದರೆ ತೊಂದರೆ ಇದೆ ಅಂತ. ನಾಲ್ಕು ವಾರ ನಿಜವಾಗಿ ವ್ಯಾಯಾಮ ಮಾಡಿದ ಮೇಲೂ ಈ ಅಂಕವೂ ಐದನೇ ಸಲದ ಕನ್ವರ್ಜೆನ್ಸ್ ಅಳತೆಯೂ ಕದಲದಿದ್ದರೆ ಅದನ್ನೇ ಮುಂದುವರಿಸಬೇಡಿ, ಕ್ಲಿನಿಕ್‌ನಲ್ಲಿ ವಾರಕ್ಕೊಮ್ಮೆ ಕೂರಿಸಿ ಮಾಡಿಸೋಣ. ಫೋಕಸ್ ಅಳತೆ ಬಂದ ಮೇಲೆ ಇಲ್ಲೇ ಹಾಕಿ, ಪ್ಲಸ್ ಬೇಕೋ ಪ್ರಿಸಂ ಬೇಕೋ ನೋಡೋಣ.