12 ಎಂಎಂ ಪಾಸ್ ಬೇಗ ಸವೆಯುತ್ತಿದೆ, ರಫಿಂಗ್ ರೋಲ್ ಮುರಿಯಿತು: ಯಾವ ಸ್ಟ್ಯಾಂಡ್‌ಗೆ ಯಾವ ರೋಲ್ ಹಾಕಬೇಕು?

ಕೇಳಿದವರು, ವಸಂತನರಸಾಪುರ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಟಿಎಂಟಿ (ಕಟ್ಟಡಕ್ಕೆ ಹಾಕುವ ರಾಡ್) ತೆಗೆಯುವ ಚಿಕ್ಕ ರೀ-ರೋಲಿಂಗ್ ಮಿಲ್. 100 ಎಂಎಂ ಬಿಲೆಟ್ (ಉಕ್ಕಿನ ಉದ್ದನೆ ದಿಮ್ಮಿ) ಕಾಯಿಸಿ, ಒಂದೊಂದೇ ಸ್ಟ್ಯಾಂಡ್‌ನ (ರೋಲ್ ಕೂರಿಸಿದ ಚೌಕಟ್ಟು) ರೋಲ್‌ಗಳ ನಡುವೆ ಹಾಯಿಸಿ 10ರಿಂದ 25 ಎಂಎಂ ತನಕ ಹೊಡೆಯುತ್ತೇವೆ. ಈಗ ಎರಡು ತಲೆನೋವು. ಒಂದು, ಮೊದಲ ಹಂತವಾದ ರಫಿಂಗ್‌ನ ತ್ರೀ-ಹೈನಲ್ಲಿ (ಒಂದರ ಮೇಲೊಂದು ಮೂರು ರೋಲ್ ಇರುವ ಸ್ಟ್ಯಾಂಡ್) ನಡುವಿನ ರೋಲ್ ನೆಕ್ (ಬೇರಿಂಗ್‌ನಲ್ಲಿ ಕೂರುವ ತುದಿ) ಹತ್ತಿರ ಮುರಿಯಿತು. ಎರಡು, ಕೊನೆ ಹಂತವಾದ ಫಿನಿಶಿಂಗ್‌ನಲ್ಲಿ 12 ಎಂಎಂ ಪಾಸ್ (ರಾಡ್‌ಗೆ ಆಕಾರ ಕೊಡಲು ರೋಲ್‌ನಲ್ಲಿ ಕೊರೆದ ತೋಡು) ಬೇಗ ಸವೆದು ರಾಡ್ ತೂಕ ಏರುತ್ತಿದೆ. ಓನರ್ ಹೇಳುವುದು, "ಎಲ್ಲಾ ಸ್ಟ್ಯಾಂಡ್‌ಗೂ ಚಿಲ್ಡ್ ರೋಲ್ ಹಾಕಿಬಿಡಿ. ಗಟ್ಟಿ ಇರುತ್ತೆ, ರೇಟೂ ಕಡಿಮೆ." ಮುಚ್ಚಿಹೋದ ಒಂದು ಸ್ಟ್ರಿಪ್ ಮಿಲ್‌ನ ರೋಲ್‌ಗಳು ಹರಾಜಿಗೆ ಬಂದಿವೆ, ಅದರ ಮೇಲೂ ಅವರಿಗೆ ಕಣ್ಣಿದೆ. ನನಗೆ ಧೈರ್ಯ ಬರುತ್ತಿಲ್ಲ. ನೀವೆಲ್ಲ ಏನು ಹಾಕುತ್ತೀರಿ?

ಮಿಲ್ ಮ್ಯಾನೇಜರ್, ಗೌರಿಬಿದನೂರು

ಸರ್, ಎಲ್ಲಾ ಸ್ಟ್ಯಾಂಡ್‌ಗೂ ಚಿಲ್ಡ್ ಬೇಡವೇ ಬೇಡ. ರಫಿಂಗ್‌ನಲ್ಲಿ ರೋಲ್ ಸಾಯುವುದು ಮುರಿದು, ಇಲ್ಲವೇ ಬಿಸಿಗೆ ಬಿರುಕು ಬಿಟ್ಟು. ಫಿನಿಶಿಂಗ್‌ನಲ್ಲಿ ಸಾಯುವುದು ಸವೆದು. ಎರಡು ಕಾಯಿಲೆಗೆ ಒಂದೇ ಮಾತ್ರೆ ಕೊಟ್ಟರೆ ಹೇಗೆ?

ಚಿಲ್ಡ್ ರೋಲ್‌ನ ಬ್ಯಾರಲ್ ಭಾಗವನ್ನು (ಮಾಲು ತಾಗುವ ನಡುವಿನ ದಪ್ಪ ಭಾಗ) ಲೋಹದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಮೇಲ್ಪದರ ಥಟ್ಟನೆ ತಣ್ಣಗಾಗಿ ಬಿಳಿ ಕಬ್ಬಿಣ ಆಗುತ್ತದೆ. ಒಳಗೆ ಹೋದಂತೆ ಬೂದು ಕಬ್ಬಿಣ. ಮೇಲೆ ಕಲ್ಲಿನಂತೆ ಗಟ್ಟಿ, ಆದರೆ ಎಳೆತ, ಬಾಗುವಿಕೆ ತಡೆಯುವ ತಾಕತ್ತು ಕಡಿಮೆ. ರಫಿಂಗ್‌ನಲ್ಲಿ ಬಿಲೆಟ್ ಬಾಯಿಗೆ ಬಂದಾಗ ಬೀಳುವ ಹೊಡೆತಕ್ಕೆ ಅದು ಆಗಿಬರುವುದಿಲ್ಲ. ಇನ್ನೊಂದು ವಿಷಯ, ನುಣುಪಾದ ಗಟ್ಟಿ ರೋಲ್ ಬಿಲೆಟ್ಟನ್ನು ಬೇಗ ಕಚ್ಚಿಕೊಳ್ಳುವುದಿಲ್ಲ, ಜಾರಿಸುತ್ತದೆ.

ನಮ್ಮಲ್ಲಿ ರಫಿಂಗ್‌ಗೆ ಅಡಮೈಟ್, ಅಂದರೆ ಸ್ಟೀಲ್ ಬೇಸ್ ರೋಲ್. 40 ಶೋರ್ ಆಸುಪಾಸು (ಶೋರ್ ಅಂದರೆ ಗಟ್ಟಿತನದ ಅಳತೆ, ನಂಬರ್ ಏರಿದಷ್ಟೂ ಗಟ್ಟಿ). ದುಡ್ಡು ಬಿಗಿ ಇದ್ದರೆ ಪರ್ಲಿಟಿಕ್ ಎಸ್‌ಜಿ (ಸ್ಫೆರಾಯ್ಡಲ್ ಗ್ರಾಫೈಟ್ ಎರಕದ ಕಬ್ಬಿಣ) 45 ಶೋರ್ ಹಾಕಬಹುದು. ಎಸ್‌ಜಿಯಲ್ಲಿ ಮೆಗ್ನೀಷಿಯಂ ಕೊಟ್ಟು ಗ್ರಾಫೈಟನ್ನು ಉಂಡೆ ಉಂಡೆಯಾಗಿ ಮಾಡಿರುತ್ತಾರೆ. ಪದರದ ಗ್ರಾಫೈಟ್ ಇರುವ ಕಬ್ಬಿಣದಲ್ಲಿ ಬಿರುಕು ಸಲೀಸಾಗಿ ಓಡುತ್ತದೆ, ಉಂಡೆ ಇದ್ದರೆ ಹಾಗೆ ಓಡುವುದಿಲ್ಲ. ಇಂಟರ್ಮೀಡಿಯೇಟ್‌ಗೆ ಅದೇ ಪರ್ಲಿಟಿಕ್ ಎಸ್‌ಜಿ, 50ರಿಂದ 58. ಫಿನಿಶಿಂಗ್‌ಗೆ ಅಸಿಕ್ಯುಲರ್ ಎಸ್‌ಜಿ (ಒಳರಚನೆ ಸೂಜಿಯಂತಿರುವ, ಇನ್ನೂ ಗಟ್ಟಿ ಎಸ್‌ಜಿ), ಇಲ್ಲವೇ ಇಂಡೆಫಿನಿಟ್ ಚಿಲ್ (ಗಟ್ಟಿ ಪದರ ಎಲ್ಲಿ ಮುಗಿಯಿತು ಅಂತ ಸ್ಪಷ್ಟ ಗೆರೆ ಇಲ್ಲದ ಚಿಲ್ಡ್ ರೋಲ್), 62ರಿಂದ 70. ಅಸಿಕ್ಯುಲರ್‌ನಲ್ಲಿ ನಿಕಲ್, ಮಾಲಿಬ್ಡಿನಂ ಸೇರಿರುತ್ತದೆ, ಅದಕ್ಕೇ ರೇಟ್ ಜಾಸ್ತಿ.

ಓನರ್‌ಗೆ ರೋಲ್‌ನ ಕಿಲೋ ರೇಟ್ ತೋರಿಸಬೇಡಿ. ಲೇತ್‌ನಲ್ಲಿ ಒಂದು ಎಂಎಂ ಡಯಾ ತಿರುಗಿಸಿ ತೆಗೆದರೆ ಎಷ್ಟು ಟನ್ ಮಾಲು ಬಂತು ಅಂತ ತೋರಿಸಿ. ಅಗ್ಗದ ರೋಲ್ ಅಲ್ಲೇ ಸಿಕ್ಕಿಬೀಳುತ್ತದೆ. ಮತ್ತೆ ತೂಕದ ಲೆಕ್ಕ. 12 ಎಂಎಂ ರಾಡ್ ಮೀಟರಿಗೆ 0.888 ಕೆಜಿ. ಟಿಎಂಟಿ ರಾಡ್‌ನ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ ಬ್ಯಾಚ್ ತೂಕದಲ್ಲಿ ಈ ಸೈಜಿಗೆ 5% ಆಚೆ ಈಚೆ ಆಗಬಹುದು, ಅಷ್ಟೇ. ಪಾಸ್ ಸವೆದು 12 ಇದ್ದದ್ದು 12.2 ಆಯಿತು ಅನ್ನಿ. ತೂಕ 3.4% ಏರುತ್ತದೆ. 12 ಮೀಟರ್ ರಾಡಿಗೆ ಹೆಚ್ಚುಕಡಿಮೆ 360 ಗ್ರಾಂ. ಪೀಸ್ ಲೆಕ್ಕದಲ್ಲಿ ಮಾರುವಾಗ ಅದು ನಮ್ಮ ಜೇಬಿನಿಂದ ಹೋಗುವ ಕಬ್ಬಿಣ.

ರೋಲ್ ಟರ್ನರ್, ಅಂತರಸನಹಳ್ಳಿ

ಹರಾಜಿನ ರೋಲ್ ತಗೋಬೇಡಿ ಅಣ್ಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಸ್ಟ್ರಿಪ್ ಮಿಲ್ ಫಿನಿಶಿಂಗ್ ರೋಲ್ ಬಹಳಷ್ಟು ಡಬಲ್ ಪೋರ್ ಇರುತ್ತದೆ. ಹೊರಗಡೆ ಗಟ್ಟಿ ಪದರ, ಒಳಗೆ ಬೇರೆಯೇ ಮೆತ್ತನೆ ಕಬ್ಬಿಣ. ಅಲ್ಲಿ ಅದು ಚಪ್ಪಟೆ ತಗಡು ಉರುಳಿಸುತ್ತದೆ, ಮೇಲಿನ ಪದರ ಮಾತ್ರ ಕೆಲಸ ಮಾಡಿದರೆ ಸಾಕು. ಅವರು ಅದನ್ನು ಗ್ರೈಂಡ್ ಮಾಡಿ ಮಾಡಿ ಪದರವನ್ನು ಆಗಲೇ ತಿಂದಿರುತ್ತಾರೆ. ನೀವು ತಂದು ಅದರಲ್ಲಿ ಓವಲ್ ಪಾಸ್ ಕೊರೆಯುತ್ತೀರಿ. ಟೂಲ್ ಮೊದಲು ಕಿರ್ ಅನ್ನುತ್ತದೆ, ಚೂರು ಪುಡಿಪುಡಿಯಾಗಿ ಬೀಳುತ್ತದೆ. ಸ್ವಲ್ಪ ಒಳಗೆ ಹೋದ ಮೇಲೆ ಸದ್ದು ನಿಲ್ಲುತ್ತದೆ, ಕಪ್ಪು ಪುಡಿ ಬರಲು ಶುರುವಾಗುತ್ತದೆ. ಆ ಕಪ್ಪು ಪುಡಿ ಗ್ರಾಫೈಟ್. ಅಲ್ಲಿಗೆ ಗಟ್ಟಿ ಪದರ ಮುಗಿಯಿತು ಅಂತಲೇ ಅರ್ಥ. ಪಾಸ್‌ನ ತಳ ಮೆತ್ತಗೆ, ಅಂಚು ಗಟ್ಟಿ. ತಳ ಸವೆಯುತ್ತದೆ, ಅಂಚು ಚಕ್ಕೆ ಏಳುತ್ತದೆ.

ಚಿಲ್ಡ್ ರೋಲ್‌ಗೂ ಇದೇ ಮಾತು. ಬಿಳಿ ಪದರ ಎಷ್ಟು ಆಳ ಇದೆಯೋ ಅಷ್ಟರೊಳಗೇ ಪಾಸೂ ಮುಗಿಯಬೇಕು, ಆಮೇಲಿನ ಡ್ರೆಸ್ಸಿಂಗೂ (ಸವೆದ ಪಾಸನ್ನು ಲೇತ್‌ನಲ್ಲಿ ಮತ್ತೆ ಸರಿಮಾಡುವುದು) ಮುಗಿಯಬೇಕು. 10, 12 ಎಂಎಂನ ಕೊನೆ ಪಾಸ್ ಆಳ ಕಡಿಮೆ, ಅಲ್ಲಿ ಹೇಗೋ ನಡೆದೀತು. ಆಳದ ಪಾಸ್‌ಗೆ ಎಸ್‌ಜಿಯೇ ಸರಿ, ಅದರಲ್ಲಿ ಒಳಗೆ ಹೋದರೂ ಗಟ್ಟಿತನ ಜಾಸ್ತಿ ಇಳಿಯುವುದಿಲ್ಲ.

ಮ್ಯಾನೇಜರ್ ಸರ್ ಇಂಡೆಫಿನಿಟ್ ಚಿಲ್ 70 ಶೋರ್ ಅಂದರಲ್ಲ, ಬರೆಯುವುದು ಸುಲಭ. ರಿಬ್ ನಾಚಿಂಗ್ (ರಾಡ್ ಮೇಲೆ ಏಣು ಮೂಡಲು ಪಾಸ್‌ನಲ್ಲಿ ಗೀರು ಕೊರೆಯುವುದು) ಮಾಡುವವರನ್ನು ಕೇಳಿ! ಅಷ್ಟು ಗಟ್ಟಿ ರೋಲ್‌ನಲ್ಲಿ ಒಂದೊಂದು ಪಾಸಿಗೆ ಕಟರ್ ತುದಿ ಎಷ್ಟು ಸಲ ಹಾರುತ್ತದೆ ಅಂತ. ನಾಚಿಂಗ್ ಮೆಷಿನ್ ಹಳೆಯದಿದ್ದರೆ 62, 63 ಅಸಿಕ್ಯುಲರ್‌ಗೆ ನಿಲ್ಲಿ. ನಮ್ಮ ಕಡೆ ಪರ್ಚೇಸ್‌ನವರು ರೋಲ್ ಆರ್ಡರ್ ಮಾಡುವಾಗ ಟರ್ನರ್‌ನ ಒಂದು ಮಾತು ಕೇಳುವುದಿಲ್ಲ. ರೋಲ್ ಲೇತ್ ಮೇಲೆ ಕೂತ ಮೇಲೆ "ಯಾಕೋ ಲೇಟು?" ಅಂತ ಬರುತ್ತಾರೆ.

ಮಿಲ್ ಮ್ಯಾನೇಜರ್, ಗೌರಿಬಿದನೂರು

ನಾಚಿಂಗ್ ವಿಷಯ ಒಪ್ಪಿದೆ. ಆದರೆ ಒಂದೇ ಸೈಜ್ ದಿನಗಟ್ಟಲೆ ಓಡಿಸುವವರಿಗೆ 70 ಲಾಭವೇ. ದಿನಕ್ಕೊಂದು ಸೈಜ್ ಬದಲಿಸುವವರಿಗೆ ನೀವು ಹೇಳಿದ್ದು ಸರಿ.

ಹಿಂದೂಪುರ ಮಿಲ್‌ನಲ್ಲಿರುವ ಮಧುಗಿರಿಯವರು

ಫಿನಿಶಿಂಗ್‌ಗೆ ಟಂಗ್‌ಸ್ಟನ್ ಕಾರ್ಬೈಡ್ ರಿಂಗ್ ಯಾರೂ ಹೇಳಲಿಲ್ಲವಲ್ಲ? ಸವೆತದಲ್ಲಿ ಎರಕದ ರೋಲ್ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಹೊಡೆತ ತಡೆಯುವುದಿಲ್ಲ, ಕಾಬಲ್ ಆದರೆ (ಓಡುವ ರಾಡ್ ದಾರಿ ತಪ್ಪಿ ಸಿಕ್ಕಿಕೊಂಡರೆ) ಒಡೆದೇ ಹೋಗುತ್ತದೆ. ನೀರು ಹುಳಿ ಇದ್ದರೆ ಅದರೊಳಗಿನ ಕೋಬಾಲ್ಟ್ ಬೈಂಡರ್ ಕರಗುತ್ತದೆ. ಹಳೇ ಸ್ಟ್ಯಾಂಡ್, ಫೈಬರ್ ಬೇರಿಂಗ್ ಇರುವ ಮಿಲ್‌ಗೆ ಸದ್ಯಕ್ಕೆ ಬೇಡ.

ನಿವೃತ್ತ ಫೋರ್‌ಮನ್, ಭದ್ರಾವತಿಯಲ್ಲಿ ಕೆಲಸ, ಈಗ ತಿಪಟೂರು

ನೋಡಪ್ಪಾ, ಎಲ್ಲರೂ ಮೆಟೀರಿಯಲ್ ಹೇಳಿದರು. ಮುರಿದ ರೋಲನ್ನು ಯಾರಾದರೂ ನೋಡಿದರಾ? ಗುಜರಿಗೆ ಹಾಕುವ ಮುಂಚೆ ಮುರಿದ ಮುಖ ಒರೆಸಿ ನೋಡು. ನೆಕ್ ಮತ್ತು ಬ್ಯಾರಲ್ ಸೇರುವ ಮೂಲೆಯಲ್ಲಿ ಅರ್ಧಚಂದ್ರದ ಹಾಗೆ ತುಕ್ಕಿನ ಬಣ್ಣ ಇದ್ದು, ಉಳಿದದ್ದು ಹೊಸದಾಗಿ ಮುರಿದ ಬೂದು ಬಣ್ಣ ಇದ್ದರೆ, ಆ ಬಿರುಕು ಹಳೆಯದು. ನೀರು ಒಳಗೆ ಹೋಗಿ ತುಕ್ಕು ಹಿಡಿದಿದೆ. ಮೂಲೆಯ ರೇಡಿಯಸ್ ತೀರಾ ಚಿಕ್ಕದಾಗಿ ತಿರುಗಿಸಿದ್ದರೆ ಬಿರುಕು ಹುಟ್ಟುವುದೇ ಅಲ್ಲಿ. ಅದಕ್ಕೆ ಯಾವ ಮೆಟೀರಿಯಲ್ ತಂದರೂ ಅಷ್ಟೇ. ಮುಖ ಪೂರ್ತಿ ಹೊಸದಾಗಿ ಮುರಿದಂತಿದ್ದರೆ ಫರ್ನೇಸ್ ಕಡೆ ಹೋಗು. ಬಿಲೆಟ್ 1100 ಡಿಗ್ರಿ ಮೇಲೆ ಬರಬೇಕಾದದ್ದು ತಣ್ಣಗೆ ಬಂದಿರುತ್ತದೆ. ಹೊರಗೆ ಕೆಂಪಗಿದ್ದು ಹೊಟ್ಟೆ ಕಪ್ಪಗಿರುವ ಬಿಲೆಟ್ ತುಂಬಾ ರೋಲ್ ಮುರಿದಿದೆ.

ಇನ್ನೊಂದು. ಕರೆಂಟ್ ಟ್ರಿಪ್ ಆಗಿ ಕೆಂಪಗಿನ ರಾಡ್ ರೋಲ್‌ಗಳ ನಡುವೆ ಸಿಕ್ಕಿಕೊಂಡರೆ ನಿಮ್ಮ ಹುಡುಗರು ಏನು ಮಾಡುತ್ತಾರೆ? ನೀರು ಜೋರು ಬಿಡುತ್ತಾರೆ, ಅಲ್ವಾ? ಬಿಡಬಾರದು. ಮೊದಲು ನೀರು ನಿಲ್ಲಿಸಿ, ಸ್ಕ್ರೂ ಸಡಿಲಿಸಿ, ರಾಡ್ ಎಳೆಯಬೇಕು. ರೋಲ್ ತಾನಾಗಿ ಆರಿದ ಮೇಲೆ ನೀರು. ಕಾದ ಜಾಗಕ್ಕೆ ತಣ್ಣೀರು ಬಿದ್ದರೆ ಬಲೆಯ ಹಾಗೆ ಬಿರುಕು ಬಿಡುತ್ತದೆ. ಗಟ್ಟಿ ರೋಲ್ ಆದಷ್ಟೂ ಬೇಗ.

ಕೇಳಿದವರು

ಯಜಮಾನರೇ, ನಿನ್ನೆ ಹೋಗಿ ನೋಡಿದೆ. ಮೂಲೆಯಲ್ಲಿ ತುಕ್ಕಿನ ಗುರುತು ಇದೆ, ಕಾಲು ಭಾಗದಷ್ಟು. ರೇಡಿಯಸ್ ಬೆರಳಿಗೆ ಸಿಗದಷ್ಟು ಚಿಕ್ಕದು. ಈ ರೋಲ್ ಹೊರಗಡೆ ತಿರುಗಿಸಿಕೊಂಡು ಬಂದದ್ದು. ಫಿನಿಶಿಂಗ್‌ನಲ್ಲಿ ಈಗಿರುವುದು ಪರ್ಲಿಟಿಕ್ ಎಸ್‌ಜಿ, ಸರ್ಟಿಫಿಕೇಟ್‌ನಲ್ಲಿ 58 ಅಂತಿದೆ. ಅದು ಅಸಿಕ್ಯುಲರ್‌ಗೆ ಬದಲಿಸಿದರೆ ಸಾಕಾ?

ರೋಲ್ ಟರ್ನರ್, ಅಂತರಸನಹಳ್ಳಿ

ಮೊದಲು ನೀರು ನೋಡಿ ಅಣ್ಣ. ನಮ್ಮ ತುಮಕೂರು ಬೋರ್‌ವೆಲ್ ನೀರು ಗೊತ್ತಲ್ಲ, ಮನೆ ಗೀಸರ್‌ಗೇ ಬಿಳಿ ಸುಣ್ಣ ಕಟ್ಟುತ್ತದೆ. ಮಿಲ್ ನಿಂತಾಗ ನಾಜಲ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಅರ್ಧ ತೂತು ಮುಚ್ಚಿರುತ್ತದೆ, ಉಳಿದ ಅರ್ಧದಲ್ಲಿ ಮಿಲ್‌ಸ್ಕೇಲ್ (ಬಿಸಿ ಉಕ್ಕಿನಿಂದ ಉದುರುವ ಹೊಟ್ಟು) ಸಿಕ್ಕಿರುತ್ತದೆ. ನೀರು ರಾಡ್ ಹೊರಬರುವ ಕಡೆ, ನೇರ ಪಾಸ್‌ನ ತಳಕ್ಕೆ ಬೀಳಬೇಕು. ಬಹಳ ಕಡೆ ಗೈಡ್ ಬಾಕ್ಸ್ ಮೇಲೆ ಬಿದ್ದು ಪಕ್ಕಕ್ಕೆ ಹರಿಯುತ್ತಿರುತ್ತದೆ. ನೀರು ನೆಟ್ಟಗಿಲ್ಲದೆ ಅಸಿಕ್ಯುಲರ್ ಹಾಕಿದರೆ ಸವೆಯುವ ಬದಲು ಬಿರುಕು ಬಿಡುತ್ತದೆ, ಅಷ್ಟೇ ವ್ಯತ್ಯಾಸ.

ಆ 58 ಬ್ಯಾರಲ್ ಮೇಲೆ ನೋಡಿದ್ದು. ಪಾಸ್ ಕೊರೆದ ಮೇಲೆ ತಳದಲ್ಲಿ ಎಷ್ಟಿದೆ? ಪೋರ್ಟಬಲ್ ಹಾರ್ಡ್‌ನೆಸ್ ಟೆಸ್ಟರ್ ಇರುವವರನ್ನು ಪೀಣ್ಯದಿಂದ ಕರೆಸಿ. ಅಳೆಯುವ ಜಾಗ ನುಣ್ಣಗೆ ಉಜ್ಜಿರಬೇಕು, ಇಲ್ಲದಿದ್ದರೆ ಬಾಯಿಗೆ ಬಂದ ನಂಬರ್ ತೋರಿಸುತ್ತದೆ.

ಮಿಲ್ ಮ್ಯಾನೇಜರ್, ಗೌರಿಬಿದನೂರು

ನೀರು ಸರಿಮಾಡಿ, ಒಂದು ಜೊತೆ ಮಾತ್ರ ಅಸಿಕ್ಯುಲರ್ ತರಿಸಿ. ಪಕ್ಕದಲ್ಲಿ ಹಳೇ ಎಸ್‌ಜಿ ಓಡಲಿ, ಟನ್ ಬರೆದಿಡಿ. ಪಿಒದಲ್ಲಿ (ಪರ್ಚೇಸ್ ಆರ್ಡರ್) ಸುಮ್ನೆ "ಎಸ್‌ಜಿ ರೋಲ್" ಅಂತ ಬರೆದರೆ ಪಂಜಾಬಿನ ಗೋಬಿಂದ್‌ಗಢದಿಂದ ಏನು ಬೇಕಾದರೂ ಬರಬಹುದು. ಬ್ಯಾರಲ್ ಮೇಲಿನ ಶೋರ್, ಪಾಸ್ ತಳದ ಆಳದಲ್ಲಿ ಇರಬೇಕಾದ ಶೋರ್, ನಿಕಲ್ ಮತ್ತು ಮಾಲಿಬ್ಡಿನಂ ಎಷ್ಟು, ನೆಕ್‌ಗೆ ಅಲ್ಟ್ರಾಸಾನಿಕ್ ಟೆಸ್ಟ್, ಗ್ರಾಫೈಟ್ ಉಂಡೆ ಕಾಣುವ ಮೈಕ್ರೋ ಫೋಟೊ, ಟೆಂಪರ್ (ಒಳಗಿನ ಒತ್ತಡ ಇಳಿಸಲು ಮತ್ತೆ ಕಾಯಿಸುವುದು) ಮಾಡಿದ್ದಾರೋ ಇಲ್ಲವೋ, ಇಷ್ಟೂ ಪಿಒ ಮೇಲೇ ಇರಲಿ. ಅಸಿಕ್ಯುಲರ್ ರೋಲ್ ಟೆಂಪರ್ ಮಾಡದೆ ಕಳಿಸಿದರೆ ಒಳಗೆ ಒತ್ತಡ ಉಳಿದು, ಶೆಡ್‌ನಲ್ಲಿ ಇಟ್ಟಲ್ಲೇ ಒಡೆಯಬಹುದು.

ನಿವೃತ್ತ ಫೋರ್‌ಮನ್, ತಿಪಟೂರು

ರಫಿಂಗ್ ರೋಲ್‌ಗೆ ನೆಕ್ ರೇಡಿಯಸ್ ಡ್ರಾಯಿಂಗ್‌ನಲ್ಲೇ ಬರೆದು ಕಳಿಸಪ್ಪಾ, ಬೇರಿಂಗ್‌ಗೆ ಜಾಗ ಬಿಟ್ಟು ಎಷ್ಟು ದೊಡ್ಡದು ಆಗುತ್ತದೋ ಅಷ್ಟು. ಟರ್ನರ್‌ಗೆ ರೇಡಿಯಸ್ ಗೇಜ್ ಕೊಡಿಸು. ಪ್ರತಿ ಡ್ರೆಸ್ಸಿಂಗ್‌ಗೂ ಡೈ ಪೆನಿಟ್ರಂಟ್ (ಬಿರುಕು ತೋರಿಸುವ ಕೆಂಪು ಬಣ್ಣ) ಹಚ್ಚಿ ನೋಡಲಿ. ಪಾಸ್‌ನಲ್ಲಿ ಕೆಂಪು ಗೆರೆ ಉಳಿದಿದ್ದರೆ ಇನ್ನೂ ತಿರುಗಿಸಬೇಕು, "ಪರವಾಗಿಲ್ಲ ಸಾರ್" ಅಂದರೆ ಕೇಳಬೇಡ. ನೆಕ್ ಮೂಲೆಯಲ್ಲಿ ಗೆರೆ ಕಂಡರೆ ಆ ರೋಲ್ ಮತ್ತೆ ಸ್ಟ್ಯಾಂಡ್‌ಗೆ ಹಾಕಬೇಡ.

ಕೇಳಿದವರು

ಸರಿ. ಹರಾಜಿಗೆ ಹೋಗುವುದಿಲ್ಲ ಅಂತ ಓನರ್ ಒಪ್ಪಿದರು. ರಫಿಂಗ್‌ಗೆ ಅಡಮೈಟ್ ಕೊಟೇಶನ್ ಕೇಳಿದ್ದೇನೆ. ನಾಜಲ್ ಬಿಚ್ಚಿಸಿದೆ, ಟರ್ನರ್ ಅಣ್ಣ ಹೇಳಿದ ಹಾಗೇ ಇತ್ತು. ನಾಜಲ್‌ಗೆ ಮುಂಚೆ ಸ್ಟ್ರೇನರ್ ಹಾಕಿಸುತ್ತಿದ್ದೇವೆ. ಅಸಿಕ್ಯುಲರ್ ಜೊತೆ ಬಂದ ಮೇಲೆ ಟನ್ ಲೆಕ್ಕ ಇಲ್ಲೇ ಹಾಕುತ್ತೇನೆ.