ಸೈಬೀರಿಯಾ ರೈಲಿನಲ್ಲಿ ಸಸ್ಯಾಹಾರಿಗಳು ಏನು ತಿನ್ನೋದು?

ಪ್ರಶ್ನೆ: ಮುಂದಿನ ತಿಂಗಳು ಅಮ್ಮನ ಜೊತೆ ಮಾಸ್ಕೋದಿಂದ ಇರ್ಕುತ್ಸ್ಕ್‌ಗೆ ರೈಲಿನಲ್ಲಿ ಹೋಗುತ್ತಿದ್ದೇನೆ. 5,185 ಕಿ.ಮೀ., ಮೂರು ದಿನಕ್ಕೂ ಜಾಸ್ತಿ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನಲ್ಲ. ಅಮ್ಮನಿಗೆ ಶುಗರ್ ಬೇರೆ ಇದೆ. ಹೋಗಿಬಂದವರು ದಯವಿಟ್ಟು ಹೇಳಿ.

ಉತ್ತರ 1: ಮೇಡಂ, ಧೈರ್ಯವಾಗಿ ಹೋಗಿ. ಬಿಸಿನೀರಿನ ಚಿಂತೆ ಮಾತ್ರ ಬೇಡವೇ ಬೇಡ. ಪ್ರತಿ ಬೋಗಿಯ ತುದಿಯಲ್ಲೂ ದೊಡ್ಡ ಸಮೋವರ್ ಇರುತ್ತದೆ. ಹಗಲೂ ರಾತ್ರಿ ಕುದಿಯುವ ನೀರು, ಪುಕ್ಕಟೆ. ಹಾಗಾಗಿ ಬೇಯಿಸಿದ್ದನ್ನು ಕಟ್ಟಿಕೊಳ್ಳಬೇಡಿ. ನಾನು ಚಪಾತಿ, ಪಲ್ಯ ಒಯ್ದಿದ್ದೆ. ಬೋಗಿಯೊಳಗಿನ ಸೆಕೆಗೆ ಪಲ್ಯ ಮರುದಿನವೇ ಹಳಸಿತು.

ನಮ್ಮ ಹೊಟ್ಟೆ ಕಾಪಾಡಿದ್ದು ತೆಳು ಅವಲಕ್ಕಿ. ಸ್ಟೀಲ್ ಡಬ್ಬಿಗೆ ಎರಡು ಹಿಡಿ ಹಾಕಿ, ಮುಳುಗುವಷ್ಟು ಬಿಸಿನೀರು ಬಿಟ್ಟು ತಕ್ಷಣ ಬಸಿಯಬೇಕು. ಮುಚ್ಚಿಟ್ಟು ಐದು ನಿಮಿಷ ಬಿಟ್ಟರೆ ಹೂವಿನ ಹಾಗೆ ಅರಳಿರುತ್ತದೆ. ಮೇಲೆ ಚಟ್ನಿಪುಡಿ. ಅಲ್ಲಿ ಸಿಗುವ ಕೆಫೀರ್ ನಮ್ಮ ಹುಳಿ ಮಜ್ಜಿಗೆಯ ಹಾಗೇ ಇರುತ್ತದೆ, ಸ್ವಲ್ಪ ಗಟ್ಟಿ. ಅದನ್ನು ಸುರಿದು ಉಪ್ಪು ಹಾಕಿದರೆ ಮೊಸರವಲಕ್ಕಿ ರೆಡಿ. ಎದುರು ಸೀಟಿನ ಅಜ್ಜಿ ಒಂದು ಚಮಚ ರುಚಿ ನೋಡಿದರು. ಆಮೇಲೆ ಸೌತೆಕಾಯಿ ಉದ್ದಕ್ಕೆ ಸೀಳಿ, ಉಪ್ಪು ಸವರಿ, ಎರಡು ಹೋಳನ್ನೂ ಒಂದಕ್ಕೊಂದು ಉಜ್ಜಿ ನಮಗೆ ಕೊಟ್ಟರು. ನಮ್ಮ ಅಮ್ಮನೂ ಹೀಗೇ ಮಾಡುತ್ತಿದ್ದರು!

ಡಬ್ಬಿ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ. ರೈಲು ಕುಲುಕಿದರೆ ಕೈ ಸುಡುತ್ತದೆ. ಅಮ್ಮನನ್ನು ನೀರಿಗೆ ಕಳಿಸಲೇಬೇಡಿ.

ಉತ್ತರ 2: ಪಿರೋಷ್ಕಿ (ಒಳಗೆ ಹೂರಣ ತುಂಬಿದ ರಷ್ಯನ್ ಬನ್) ಕೊಳ್ಳುವಾಗ ಒಳಗೇನಿದೆ ಅಂತ ಕೇಳಿ ತಗೊಳ್ಳಿ. ಕರ್ತೋಷ್ಕ ಅಂದರೆ ಆಲೂಗಡ್ಡೆ, ಕಪುಸ್ತ ಅಂದರೆ ಎಲೆಕೋಸು. ಎಲೆಕೋಸಿನದರಲ್ಲಿ ಎಷ್ಟೋ ಸಲ ಮೊಟ್ಟೆ ಇರುತ್ತದೆ. ಮೊಟ್ಟೆಗೆ ಯೈತ್ಸೋ ಅನ್ನುತ್ತಾರೆ. 'ಮಾಂಸ ಬೇಡ' ಅಂದರೆ ಮೀನು ಕೊಡುವವರೂ ಇದ್ದಾರೆ. ಬೋರ್ಷ್ ಕೆಂಪಗೆ ಬೀಟ್‌ರೂಟ್ ಸಾರಿನ ಹಾಗೆ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಮಾಂಸದ ನೀರಿನಲ್ಲೇ ಕುದಿಸಿರುತ್ತಾರೆ. ನಗದು ರೂಬಲ್ ಇಟ್ಟುಕೊಳ್ಳಿ. 2022ರಿಂದ ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಅಲ್ಲಿ ನಡೆಯಲ್ಲ.

ಉತ್ತರ 3: ಶುಗರ್ ಅಂದಿದ್ದಕ್ಕೆ ಇದನ್ನು ಹೇಳಲೇಬೇಕು. ಮಾಸ್ಕೋಗೂ ಇರ್ಕುತ್ಸ್ಕ್‌ಗೂ ಐದು ಗಂಟೆ ವ್ಯತ್ಯಾಸ. ಪೂರ್ವಕ್ಕೆ ಹೋದ ಹಾಗೆ ಗಡಿಯಾರ ಮುಂದೆ ಓಡುತ್ತದೆ, ಹಸಿವು ಹಿಂದೆ ಉಳಿಯುತ್ತದೆ. ನನ್ನ ತಂದೆಗೆ ಎರಡನೇ ದಿನ ಊಟದ ಹೊತ್ತು ತಪ್ಪಿ ಕೈಕಾಲು ನಡುಗಿತು. ಮಾತ್ರೆ ಯಾವ ಲೆಕ್ಕದಲ್ಲಿ ಕೊಡಬೇಕು ಅಂತ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಒಂದು ಕೈಗಡಿಯಾರ ಮಾಸ್ಕೋ ಸಮಯದಲ್ಲೇ ಇರಲಿ. ದಿಂಬಿನ ಪಕ್ಕ ಹುರಿಗಡಲೆ, ಸ್ವಲ್ಪ ಸಕ್ಕರೆ ಇಟ್ಟಿರಿ.

ಯಾವ ಸ್ಟೇಷನ್ನಿನಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ ಅಂತ ಬೋಗಿಯ ಓಣಿಯಲ್ಲೇ ಪಟ್ಟಿ ಹಾಕಿರುತ್ತಾರೆ. ಎರಡೇ ನಿಮಿಷದ ಕಡೆ ಇಳಿಯಬೇಡಿ. ಅರ್ಧ ಗಂಟೆ ನಿಲ್ಲುವ ಕಡೆ ಕೆಫೀರ್, ಬ್ರೆಡ್, ಐದು ಲೀಟರ್ ನೀರಿನ ಕ್ಯಾನ್ ತಗೊಂಡು ಬಂದುಬಿಡಿ.