ಲಂಡನ್–ಟೋಕಿಯೊ: ದೊಡ್ಡಪ್ಪನ ಲೆಕ್ಕ

ದೊಡ್ಡಪ್ಪ: *ಫಾರ್ವರ್ಡ್ ಆಗಿ ಬಂದದ್ದು* ಲಂಡನ್ – ಟೋಕಿಯೊ. ದೂರ 9,600 ಕಿ.ಮೀ. ವಿಮಾನದಲ್ಲಿ 10 ಗಂಟೆ 40 ನಿಮಿಷ.

ದೊಡ್ಡಪ್ಪ: ನೋಡಮ್ಮ, ನೀನು ತಗೊಂಡಿರೋದು 14 ಗಂಟೆ ಟಿಕೆಟ್. ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ.

ಅಕ್ಕ: ಇಲ್ಲ ದೊಡ್ಡಪ್ಪ, ನೇರ ವಿಮಾನಾನೇ. ಮಧ್ಯೆ ಎಲ್ಲೂ ಇಳಿಯಲ್ಲ.

ದೊಡ್ಡಪ್ಪ: ನೇರ ಹೋಗೋದಾದ್ರೆ ಮೂರು ಗಂಟೆ ಜಾಸ್ತಿ ಎಲ್ಲಿಂದ ಬಂತು?

ಭಾವ: ಮಾವ, ಆ ಫಾರ್ವರ್ಡ್ ಬರೆದವರು 9,600ನ್ನ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದ್ದಾರೆ, ಅಷ್ಟೇ. ಗ್ಲೋಬ್ ಮೇಲೆ ದಾರ ಎಳೆದು ಹಿಡಿದ್ರೆ ಬರೋ ದೂರ ಅದು. ಆ ದಾರ ಬಹುಪಾಲು ರಷ್ಯಾ ಮೇಲೇ ಹಾಯುತ್ತೆ. 2022ರ ಫೆಬ್ರವರಿಯಲ್ಲಿ ರಷ್ಯಾ ಬ್ರಿಟನ್ ವಿಮಾನಗಳಿಗೆ ಆಕಾಶ ಮುಚ್ಚಿತು. ಜಪಾನಿನ ಕಂಪನಿಗಳೂ ಆ ದಾರಿ ಬಿಟ್ಟವು. ಅದಕ್ಕೆ ಮುಂಚೆ ಸುಮಾರು 12 ಗಂಟೆ ಇತ್ತು.

ದೊಡ್ಡಪ್ಪ: ಚೀನಾದವರು ಈಗಲೂ ರಷ್ಯಾ ಮೇಲೇ ಹೋಗ್ತಾರಲ್ಲ ಅಳಿಯಂದ್ರೇ!

ಭಾವ: ಹೋಗ್ತಾರೆ, ಅದು ನಿಜ. ಆದ್ರೆ ಬೀಜಿಂಗ್‌ನಲ್ಲೋ ಶಾಂಘೈನಲ್ಲೋ ಇಳಿದು ಇನ್ನೊಂದು ವಿಮಾನ ಹತ್ತಬೇಕು. ಉಳಿಸಿದ ಹೊತ್ತೆಲ್ಲ ಅಲ್ಲೇ ಕಾಯೋದಕ್ಕೆ ಸರಿಹೋಗುತ್ತೆ.

ಚಿಕ್ಕಪ್ಪ: ಇದೇನು ಹೊಸದಲ್ಲ ಅಣ್ಣ. ಶೀತಲ ಸಮರದ ಕಾಲದಲ್ಲೂ ಸೋವಿಯತ್ ಆಕಾಶ ಹೆಚ್ಚಿನವರಿಗೆ ಸಿಗ್ತಿರಲಿಲ್ಲ. ಯುರೋಪ್‌ನಿಂದ ಅಲಾಸ್ಕಾದ ಆಂಕರೇಜ್‌ಗೆ ಹೋಗಿ, ಇಂಧನ ತುಂಬಿಸ್ಕೊಂಡು ಟೋಕಿಯೊಗೆ ಹೋಗ್ತಿದ್ರು. 1957ರಲ್ಲೇ ಕೋಪನ್‌ಹೇಗನ್‌ನಿಂದ ಆ ಧ್ರುವದ ದಾರಿ ಶುರುವಾಗಿತ್ತು.

ಅಕ್ಕ: ಮಜಾ ಏನಂದ್ರೆ, ನಾನು ಹೋಗೋವಾಗ ಟರ್ಕಿ, ಕಜಾಕಿಸ್ತಾನ, ಚೀನಾ ಮೇಲೆ. ಬರೋವಾಗ ಹೆಚ್ಚಾಗಿ ಪೆಸಿಫಿಕ್ ದಾಟಿ ಅಲಾಸ್ಕಾ, ಗ್ರೀನ್‌ಲ್ಯಾಂಡ್ ಮೇಲೆ.

ಚಿಕ್ಕಪ್ಪ: ಅಂದ್ರೆ ಹೋಗೋದೂ ಪೂರ್ವಕ್ಕೆ, ಬರೋದೂ ಪೂರ್ವಕ್ಕೇ! ಭೂಮಿಗೆ ಒಂದು ಪ್ರದಕ್ಷಿಣೆ ಆಯ್ತಲ್ಲೇ.

ದೊಡ್ಡಪ್ಪ: ಕೆಳಗೆ ಭೂಮಿ ತಿರುಗ್ತಾ ಇರುತ್ತೆ, ಅದಕ್ಕೇ ಇರಬೇಕು.

ಭಾವ: ಭೂಮಿ ಜೊತೆ ಗಾಳಿಯೂ ತಿರುಗುತ್ತಲ್ಲ ಮಾವ, ಹಾಗಾಗಿ ಅದರಿಂದ ನೇರ ಲಾಭ ಇಲ್ಲ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅಂತ ಜೋರು ಗಾಳಿ ಬೀಸುತ್ತೆ. ಕೆಲವು ಸಲ ಗಂಟೆಗೆ 200 ಕಿ.ಮೀ. ಮೀರುತ್ತೆ. ಅದಕ್ಕೆ ಎದುರಾಗಿ ಹೋಗೋದಕ್ಕಿಂತ ಅದನ್ನ ಬೆನ್ನಿಗೆ ಹಾಕ್ಕೊಂಡು ಸುತ್ತಿ ಬರೋದೇ ಎಷ್ಟೋ ದಿನ ವಾಸಿ.

ಅತ್ತೆ: ಏನೇ ಅನ್ನಿ, ವಾಪಸ್ ಟಿಕೆಟ್‌ನಲ್ಲಿ ಬೆಳಿಗ್ಗೆ 9ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ ಎರಡೂವರೆಗೆ ತಲುಪುತ್ತೆ ಅಂತಿದೆ. ಐದೂವರೆ ಗಂಟೆ ಅಷ್ಟೇ!

ದೊಡ್ಡಪ್ಪ: ನೋಡಿದ್ರಾ! ನಾನು ಹೇಳಿದ್ದು ಇದನ್ನೇ.

ಅಕ್ಕ: ಅಯ್ಯೋ ಅತ್ತೆ! ಚಳಿಗಾಲದಲ್ಲಿ ಟೋಕಿಯೊ ಗಡಿಯಾರ ಲಂಡನ್‌ಗಿಂತ 9 ಗಂಟೆ ಮುಂದೆ ಇರುತ್ತೆ. ಅದನ್ನ ಸೇರಿಸಿ, ಹದಿನಾಲ್ಕೂವರೆ ಆಗುತ್ತೆ.

ದೊಡ್ಡಪ್ಪ: ಲೆಕ್ಕ ಬಿಡು. ಅಲಾಸ್ಕಾ ಯಾವ ಕಡೆ ಕಿಟಕೀಲಿ ಕಾಣುತ್ತೆ? ಫೋಟೊ ಹಾಕು.

ಅಕ್ಕ: ನಂದು ಮಧ್ಯದ ಸೀಟು ದೊಡ್ಡಪ್ಪ.